ಗಾಡಿಗಿಂತ ಮೊದಲು ಗಾಡಿ ನಿಲ್ಲುವ ಜಾಗ ನೋಡಿ

ಪ್ರಶ್ನೆ: ನಮ್ಮ ಮನೆ ಉಡುಪಿ ಜಿಲ್ಲೆಯ ಶಿರ್ವದಲ್ಲಿ. ಮಲ್ಪೆ ಬಂದರಿನಿಂದ ಮೀನು ತಂದು ಹಿರಿಯಡ್ಕ, ಬೈಲೂರು, ಕಾರ್ಕಳದ ಅಂಗಡಿಗಳಿಗೆ ಹಾಕುವುದು ನಮ್ಮ ವೃತ್ತಿ. ದಿನಕ್ಕೆ ಸುಮಾರು 110 ಕಿ.ಮೀ. ಓಡಾಟ, ಮಂಜುಗಡ್ಡೆ ಸೇರಿ 700 ಕಿಲೊ ಹೇರು. ಹಳೆಯ ಡೀಸೆಲ್ ಟೆಂಪೊ ಲೀಟರಿಗೆ 18 ಕಿ.ಮೀ. ಕೊಡುತ್ತದೆ. ಅದರ ಬದಲು ಎಲೆಕ್ಟ್ರಿಕ್ ಟೆಂಪೊ ತೆಗೆದುಕೊಳ್ಳುವ ಯೋಚನೆ ಇದೆ. ಹೊಸ ಡೀಸೆಲ್ ಗಾಡಿಗಿಂತ ಅದಕ್ಕೆ ಮೂರೂವರೆ ಲಕ್ಷ ಹೆಚ್ಚಾಗುತ್ತದೆ. ಮನೆಗೂ ಒಂದು ಎಲೆಕ್ಟ್ರಿಕ್ ಎಸ್‌ಯುವಿ ಬೇಕೆಂದು ಮಗ ಹೇಳುತ್ತಿದ್ದಾನೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಬರಬೇಕು. ನಮ್ಮ ಮಳೆ, ನಮ್ಮ ಕರೆಂಟು, ಕಡಲ ಉಪ್ಪು ಇವುಗಳ ನಡುವೆ ಇದು ನಡೆಯುವ ಮಾತೇ?

ಉತ್ತರ: ನಡೆಯುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಗಾಡಿಯ ಬಗ್ಗೆ ಎಲ್ಲವೂ ಇದೆ, ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಮನೆಗಳಿಗೆ ವೈರಿಂಗ್ ಮಾಡಿಸುತ್ತ ಬಂದವನು ನಾನು. ಈಚಿನ ವರ್ಷಗಳಲ್ಲಿ ವಾಹನದ ಚಾರ್ಜರ್ ಕೂರಿಸುವುದೇ ಹೆಚ್ಚಿನ ಕೆಲಸವಾಗಿದೆ, ನನ್ನ ಮನೆಯಲ್ಲೂ ಒಂದು ಎಲೆಕ್ಟ್ರಿಕ್ ಎಸ್‌ಯುವಿ ಇದೆ. ಗಾಡಿ ಕೊಂಡು ಬೇಸತ್ತವರನ್ನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಗಾಡಿ ಕೈಕೊಟ್ಟಿರಲಿಲ್ಲ, ಮನೆಯ ಗೋಡೆಯ ಮೇಲಿನ ಸಾಕೆಟ್ಟು, ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಅಂಗಳದ ಅರ್ಥಿಂಗ್ ಗುಂಡಿ ಕೈಕೊಟ್ಟಿದ್ದವು. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ಶಿರ್ವ ಎಂದರೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ನೆಲ. ಮಳೆಗಾಲದಲ್ಲಿ ನೀರು ಕುಡಿದು ತುಂಬಿರುವ ಈ ಕಲ್ಲು ಫೆಬ್ರವರಿ ಕಳೆಯುವಷ್ಟರಲ್ಲಿ ಒಣಗಿ ಬಿಡುತ್ತದೆ. ಒಣಗಿದ ಮುರಕಲ್ಲಿನಲ್ಲಿ ವಿದ್ಯುತ್ತು ಭೂಮಿಗೆ ಸಲೀಸಾಗಿ ಇಳಿಯುವುದಿಲ್ಲ. ಫ್ರಿಜ್ಜು, ಮಿಕ್ಸಿಗಳಿಗೆ ಇದು ಗೊತ್ತೇ ಆಗುವುದಿಲ್ಲ. ವಾಹನದ ಚಾರ್ಜರ್ ಹಾಗಲ್ಲ, ಕರೆಂಟು ಬಿಡುವ ಮುನ್ನ ಅರ್ಥಿಂಗ್ ಸರಿ ಇದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಸರಿ ಇಲ್ಲದಿದ್ದರೆ ಕೆಂಪು ದೀಪ ಹಚ್ಚಿ ಕುಳಿತುಬಿಡುತ್ತದೆ.

ಒಂದು ಏಪ್ರಿಲ್ ತಿಂಗಳಲ್ಲಿ ಮೂಡುಬಿದಿರೆಯ ಕಡೆಯ ಮನೆಯೊಂದರಿಂದ ರಾತ್ರಿ ಒಂಬತ್ತಕ್ಕೆ ಕರೆ ಬಂತು. ಡಿಸೆಂಬರಿನಲ್ಲಿ ನಾನೇ ಕೂರಿಸಿದ್ದ ಚಾರ್ಜರ್, ನಾಲ್ಕು ತಿಂಗಳು ಚೆನ್ನಾಗಿಯೇ ನಡೆದಿತ್ತು. ಹೋಗಿ ನೋಡಿದರೆ ಕೆಂಪು ದೀಪ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟಾಗ 19 ವೋಲ್ಟ್ ತೋರಿಸಿತು. ಅದು ಎರಡು ಮೂರು ವೋಲ್ಟಿನೊಳಗೆ ಇರಬೇಕು. ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದೆವು. ಒಳಗಿನ ಮಣ್ಣು ಸುಟ್ಟ ಇಟ್ಟಿಗೆಯ ಪುಡಿಯಂತಿತ್ತು, ಇದ್ದಿಲು ಕೈಗೆ ಹತ್ತುವಷ್ಟೂ ತೇವ ಇರಲಿಲ್ಲ. ಮನೆಯಾಕೆ ಬಾವಿಯಿಂದ ನೀರು ಸೇದಿ ಕೊಟ್ಟರು. ನಾಲ್ಕು ಕೊಡಪಾನ ನೀರು ಸುರಿದು ಅರ್ಧ ಗಂಟೆ ಕಾದೆವು. ಮೀಟರ್ 6ಕ್ಕೆ ಇಳಿಯಿತು, ಇನ್ನೂ ಎರಡು ಕೊಡ ಹೊಯ್ದ ಮೇಲೆ 3. ಹಸಿರು ದೀಪ ಬಂತು. ಅದು ಆ ರಾತ್ರಿಯ ಮಟ್ಟಿಗೆ ಆಯಿತು. ಮರುವಾರ ಬಚ್ಚಲಿನ ನೀರು ಹರಿಯುವ ಬದಿಯಲ್ಲಿ, ನೆಲ ಸದಾ ತಂಪಾಗಿರುವಲ್ಲಿ, ಮೂರು ಮೀಟರ್ ಆಳಕ್ಕೆ ಹೊಸ ಗುಂಡಿ ತೋಡಿಸಿ ಹಳೆಯದಕ್ಕೆ ಜೋಡಿಸಿದೆವು. ನನ್ನ ಆ ತಪ್ಪಿನಿಂದ ಕಲಿತದ್ದು ಇದು: ಈ ಜಿಲ್ಲೆಗಳಲ್ಲಿ ಅರ್ಥಿಂಗ್ ಅಳೆಯಬೇಕಾದದ್ದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಅಳೆದ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ.

ಇನ್ನು ಸಾಕೆಟ್ಟು. ಸಣ್ಣ ಟೆಂಪೊ ಆಗಲಿ, ಎಸ್‌ಯುವಿ ಆಗಲಿ, ಗಾಡಿಯ ಜೊತೆ ಬರುವ ಸಾಮಾನ್ಯ ಚಾರ್ಜರ್ 15 ಆಂಪಿಯರ್ ಪ್ಲಗ್ಗಿನದ್ದು, ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್ ಕೂಡ ಅಷ್ಟೇ ಎಳೆಯುತ್ತದಲ್ಲ ಎಂದು ನೀವು ಕೇಳಬಹುದು. ಗೀಸರ್ ಹದಿನೈದು ನಿಮಿಷ ಉರಿದು ಆರುತ್ತದೆ, ಗಾಡಿ ಎಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಹಳೆಯ ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿ ಸ್ವಲ್ಪ ಸಡಿಲವಾಗಿದ್ದರೂ ಸಾಕು, ಅಲ್ಲಿ ಬಿಸಿಯೇರುತ್ತದೆ, ಬಿಳಿಯ ಪ್ಲಾಸ್ಟಿಕ್ಕು ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಬಂಟ್ವಾಳದ ಕಡೆ ಒಂದು ಮನೆಯಲ್ಲಿ ಪ್ಲಗ್ಗಿನ ದಪ್ಪ ಕಾಲೊಂದು ಸಾಕೆಟ್ಟಿನಲ್ಲೇ ಕರಗಿ ಅಂಟಿಕೊಂಡಿತ್ತು. ಮೀಟರ್ ಬೋರ್ಡಿನಿಂದಲೇ ಗಾಡಿಗೆ ಪ್ರತ್ಯೇಕ ಲೈನು ಎಳೆಸಿ, 4 ಚದರ ಮಿ.ಮೀ. ತಾಮ್ರದ ವೈರು, ಕೈಗಾರಿಕೆಯಲ್ಲಿ ಬಳಸುವ ನೀಲಿ ಬಣ್ಣದ ದುಂಡು ಸಾಕೆಟ್ಟು, 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ. ಮೊದಲ ದಿನ ಚಾರ್ಜಿಗೆ ಇಟ್ಟು ಒಂದು ಗಂಟೆ ಬಿಟ್ಟು ಪ್ಲಗ್ಗಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಕ್ಷಣವೇ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಚಾರ್ಜರ್ ಬೇಕೇ? ನಿಮಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನಮ್ಮ ವಿದ್ಯುತ್ ಕಂಪನಿ ಮೆಸ್ಕಾಂನಿಂದ ಹೆಚ್ಚಿನ ಲೋಡ್ ಮಂಜೂರು ಮಾಡಿಸಬೇಕು, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಟೆಂಪೊ ನಸುಕಿಗೆ ಹೊರಟು ಹನ್ನೊಂದರ ಸುಮಾರಿಗೆ ಮನೆ ಸೇರಿದರೆ ಸಂಜೆಯ ತನಕ ಅದು ಚಾರ್ಜ್ ಆಗಲಿ, ರಾತ್ರಿ ಊಟದ ನಂತರ ಎಸ್‌ಯುವಿ. ಒಂದೇ ಹೊತ್ತಿಗೆ ಎರಡನ್ನೂ ಇಡಬೇಡಿ. ಸಂಜೆ ಆರರಿಂದ ಹತ್ತರ ತನಕ, ಅದರಲ್ಲೂ ಮಾರ್ಚ್‌ನಿಂದ ಮೇ ತನಕ, ಹಳ್ಳಿಯ ಲೈನುಗಳಲ್ಲಿ ವೋಲ್ಟೇಜು ಕುಸಿಯುವುದು ನಿಮಗೆ ಗೊತ್ತೇ ಇದೆ. 180ಕ್ಕೆ ಇಳಿದರೆ ಚಾರ್ಜರ್ ನಿಲ್ಲಬಹುದು. ಹತ್ತು ದಿನ ಮೂರು ಹೊತ್ತು ವೋಲ್ಟೇಜು ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಹೊತ್ತಿನಲ್ಲಿ ಚಾರ್ಜ್ ಮಾಡಬೇಕೆಂದು ಆ ಪುಟವೇ ಹೇಳುತ್ತದೆ.

ಒಂದು ಎಚ್ಚರಿಕೆ. ತೋಟದ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನಿಂದ ವೈರು ಎಳೆದು ಗಾಡಿ ಚಾರ್ಜ್ ಮಾಡುವವರಿದ್ದಾರೆ. ಅದು ನೀರಾವರಿಗೆ ಕೊಟ್ಟ ಸವಲತ್ತು, ಬೇರೆಯದಕ್ಕೆ ಬಳಸಿದರೆ ಕಾನೂನುಬಾಹಿರ. ಬಾಡಿಗೆ, ವ್ಯಾಪಾರದ ಗಾಡಿಯನ್ನು ಮನೆಯ ಮೀಟರಿನಲ್ಲಿ ಚಾರ್ಜ್ ಮಾಡುವ ಬಗ್ಗೆಯೂ ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮೊದಲೇ ಕೇಳಿ. ವಾಹನ ಚಾರ್ಜಿಂಗ್‌ಗೆ ಬೇರೆಯೇ ದರಪಟ್ಟಿ ಇದೆ, ಟೆಂಪೊಗೆ ಆ ದರದ ಪ್ರತ್ಯೇಕ ಮೀಟರ್ ಹಾಕಿಸುವುದು ಒಳ್ಳೆಯದು.

ಸಿಡಿಲಿನ ಮಾತು ಹೇಳದೆ ಮುಂದೆ ಹೋಗಲಾರೆ. ಮೇ ತಿಂಗಳ ಮತ್ತು ಅಕ್ಟೋಬರಿನ ಸಂಜೆ ಮಳೆಗಳಲ್ಲಿ ನಮ್ಮಲ್ಲಿ ಎಷ್ಟು ಟಿವಿ, ಎಷ್ಟು ಇನ್ವರ್ಟರ್ ಸುಟ್ಟುಹೋಗುತ್ತವೆ ಎಂಬುದನ್ನು ಪ್ರತಿ ಊರಿನವರೂ ಬಲ್ಲರು. ಗಾಡಿಯೊಳಗಿನ ಚಾರ್ಜರ್ ಸುಟ್ಟರೆ ನಷ್ಟ ಟಿವಿಯದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮೀಟರ್ ಬೋರ್ಡಿನಲ್ಲಿ ಸರ್ಜ್, ಎಂದರೆ ಏಕಾಏಕಿ ನುಗ್ಗುವ ವೋಲ್ಟೇಜು, ತಡೆಯುವ ಸಾಧನ ಹಾಕಿಸಿ. ಅದು ಇದ್ದರೂ, ಗುಡುಗು ಕೇಳಿಸಿತೆಂದರೆ ಪ್ಲಗ್ ತೆಗೆದಿಡುವ ಅಭ್ಯಾಸ ಮನೆಯವರೆಲ್ಲರಿಗೂ ಇರಲಿ.

ಈಗ ಟೆಂಪೊ. ಟಾಟಾ ಏಸ್ ಇವಿ 2022ರಲ್ಲಿ ಬಂದಾಗ ಅದರ ಹೇರು 600 ಕಿಲೊ, 2024ರಲ್ಲಿ 1000 ಕಿಲೊ ಹೊರುವ ಮಾದರಿ ಬಂತು. ಎರಡರಲ್ಲೂ 21.3 ಯೂನಿಟ್ ಹಿಡಿಯುವ ಬ್ಯಾಟರಿ. ಮನೆಯ ಬಿಲ್ಲಿನ ಯೂನಿಟ್ಟೇ ಇದು, ಬ್ಯಾಟರಿಯ ಲೆಕ್ಕವೂ ಅದರಲ್ಲೇ. ನಿಮ್ಮ 700 ಕಿಲೊಗೆ 600ರ ಮಾದರಿ ಹೊಂದುವುದಿಲ್ಲ. ಇನ್ನೂರು ಕಿಲೊ ಹೆಚ್ಚು ಹೇರಿಯೂ ಡೀಸೆಲ್ ಗಾಡಿ ಓಡುತ್ತಿತ್ತು ಎಂಬ ಹಳೆಯ ರೂಢಿಯನ್ನು ಇಲ್ಲಿ ಬಿಡಬೇಕು. ಮೀನಿನ ವ್ಯಾಪಾರದಲ್ಲಿ ಮಂಜುಗಡ್ಡೆಯೂ ತೂಕವೇ. ಬಂಗುಡೆ, ಬೂತಾಯಿಗೆ ಸರಿಸಮ ಮಂಜು ಹಾಕುವ ದಿನ 700 ಕಿಲೊದಲ್ಲಿ ಮೀನು 350 ಮಾತ್ರ. ಬೂತಾಯಿ ರಾಶಿ ಬಿದ್ದ ದಿನ ಇನ್ನಷ್ಟು ಹೇರುವ ಆಸೆ ಸಹಜ, ಆದ್ದರಿಂದ 1000ದ ಮಾದರಿಯನ್ನೇ ನೋಡಿ.

1000ದ ಮಾದರಿಗೆ ಪ್ರಮಾಣಪತ್ರದಲ್ಲಿ ಒಂದು ಚಾರ್ಜಿಗೆ 161 ಕಿ.ಮೀ. ಎಂದಿದೆ. ಅದನ್ನು ನಂಬಿ ದಿನಚರಿ ಕಟ್ಟಬೇಡಿ. ನಿಮ್ಮ ದಾರಿಯಲ್ಲಿ ಅನುಕೂಲವೂ ಇದೆ, ತೊಂದರೆಯೂ ಇದೆ. ಶಿರ್ವದಿಂದ ಕಟಪಾಡಿ ದಾಟಿ ಮಲ್ಪೆಗೆ ಖಾಲಿ ಗಾಡಿ. ತುಂಬಿದ ಗಾಡಿ ಏರಬೇಕಾದದ್ದು ಮಣಿಪಾಲದ ಏರು ಮತ್ತು ಅಲ್ಲಿಂದ ಹಿರಿಯಡ್ಕ, ಬೈಲೂರಿನ ಏರಿಳಿತ. ಒಂದೊಂದು ಅಂಗಡಿ ದಾಟಿದಂತೆ ಹೇರು ಇಳಿಯುತ್ತದೆ, ಕಾರ್ಕಳದಿಂದ ಬೆಳ್ಮಣ್ ಮೂಲಕ ಮತ್ತೆ ಖಾಲಿ ಗಾಡಿ. ಕಿ.ಮೀ.ಗೆ ಸರಾಸರಿ 0.155 ಯೂನಿಟ್ ಎಂದಿಟ್ಟುಕೊಂಡರೆ 110 ಕಿ.ಮೀ.ಗೆ 17 ಯೂನಿಟ್. ಮನೆಗೆ ಬಂದಾಗ ಶೇ. 20 ಉಳಿದಿರುತ್ತದೆ. ಹೊಸತರಲ್ಲಿ ಇದು ಸಾಕು. ಆದರೆ ಆರೇಳು ವರ್ಷಕ್ಕೆ ಬ್ಯಾಟರಿಯ ಶಕ್ತಿ ಶೇ. 15ರಷ್ಟು ಕುಂದಿದರೆ ಆ ಉಳಿಕೆಯೇ ಕರಗಿ ಹೋಗುತ್ತದೆ. ಆಗ ಕಾರ್ಕಳದಲ್ಲಿ ಮೀನು ಇಳಿಸುವ ಹೊತ್ತಿನಲ್ಲಿ ಅರ್ಧ, ಮುಕ್ಕಾಲು ಗಂಟೆ ಚಾರ್ಜ್ ಮಾಡುವ ವ್ಯವಸ್ಥೆ ಬೇಕು. ನಿಮ್ಮ ಖಾಯಂ ಗಿರಾಕಿಯ ಅಂಗಡಿಯಲ್ಲಿ ಒಂದು 15 ಆಂಪಿಯರ್ ಲೈನು ಹಾಕಿಸಿಕೊಳ್ಳುವ ಮಾತನ್ನು ಈಗಲೇ ಆಡಿಡಿ.

ಹಣದ ಲೆಕ್ಕ ನೋಡೋಣ. ಡೀಸೆಲ್‌ನಲ್ಲಿ 110 ಕಿ.ಮೀ.ಗೆ ಆರು ಲೀಟರಿಗಿಂತ ತುಸು ಹೆಚ್ಚು, ಲೀಟರಿಗೆ 90 ರೂಪಾಯಿ ಹಿಡಿದರೆ 550. ಬ್ಯಾಟರಿಗೆ 17 ಯೂನಿಟ್ ಸೇರಬೇಕಾದರೆ ಚಾರ್ಜಿಂಗ್‌ನಲ್ಲಿ ಪೋಲಾಗುವುದನ್ನೂ ಸೇರಿಸಿ ಮೀಟರಿನಲ್ಲಿ 20 ಓಡುತ್ತದೆ. ಯೂನಿಟ್‌ಗೆ ಎಲ್ಲ ಸೇರಿ 7 ರೂಪಾಯಿ ಎಂದರೂ 140. ದಿನಕ್ಕೆ 410 ರೂಪಾಯಿ ಉಳಿತಾಯ. ವರ್ಷಕ್ಕೆ 300 ದಿನ ಎಂದು ಮಾರಾಟಗಾರರು ಗುಣಿಸಿ ತೋರಿಸುತ್ತಾರೆ. ನಿಮ್ಮ ವರ್ಷ ಅಷ್ಟು ಉದ್ದವಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಬಿರುಗಾಳಿಯ ದಿನಗಳು ಬೇರೆ. 250 ದಿನ ಹಿಡಿಯಿರಿ, ಒಂದು ಲಕ್ಷದ ಎರಡೂವರೆ ಸಾವಿರ ಆಗುತ್ತದೆ. ಮೂರೂವರೆ ಲಕ್ಷದ ಅಂತರ ತುಂಬಲು ಸುಮಾರು ಮೂರೂವರೆ ವರ್ಷ. ಸಾಲದ ಬಡ್ಡಿ ಸೇರಿದರೆ ನಾಲ್ಕು ದಾಟಬಹುದು. ದಿನಕ್ಕೆ 50 ಕಿ.ಮೀ. ಓಡುವವರಾಗಿದ್ದರೆ ನಾನು ಬೇಡವೆನ್ನುತ್ತಿದ್ದೆ. ನಿಮ್ಮ ಓಡಾಟಕ್ಕೆ ಲೆಕ್ಕ ಕೂಡಿ ಬರುತ್ತದೆ.

ಆ ಎರಡು ತಿಂಗಳು ಗಾಡಿ ಸುಮ್ಮನೆ ನಿಲ್ಲುತ್ತದಲ್ಲ, ಅದಕ್ಕೂ ಕ್ರಮವಿದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ನಿಲ್ಲಿಸಬೇಡಿ, ಬರಿದಾಗಿಸಿಯೂ ನಿಲ್ಲಿಸಬೇಡಿ. ಶೇ. 50ರ ಆಸುಪಾಸಿನಲ್ಲಿಟ್ಟು ವಾರಕ್ಕೊಮ್ಮೆ ಐದಾರು ಕಿ.ಮೀ. ಓಡಿಸಿ. ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಇರುತ್ತದೆ. ಅದು ಸತ್ತರೆ ದೊಡ್ಡದರಲ್ಲಿ ಎಷ್ಟು ಚಾರ್ಜ್ ಇದ್ದರೂ ಗಾಡಿ ಏಳುವುದಿಲ್ಲ.

ಉಪ್ಪಿನ ವಿಷಯದಲ್ಲಿ ಮೀನಿನ ಗಾಡಿಗೆ ಎರಡು ಪಾಲು ಕಷ್ಟ. ಕಡಲ ಗಾಳಿ ಎಲ್ಲರಿಗೂ ಇದ್ದದ್ದೇ, ನಿಮ್ಮದರಲ್ಲಿ ಮಂಜು ಕರಗಿದ ಉಪ್ಪುನೀರು ಮೇಲಿನಿಂದಲೂ ತೊಟ್ಟಿಕ್ಕುತ್ತದೆ. ಈಚೆಗೆ ಮೀನು ಸಾಗಿಸುವ ಒಂದು ಎಲೆಕ್ಟ್ರಿಕ್ ಗಾಡಿಯ ಅಡಿಯಲ್ಲಿ ಟಾರ್ಚ್ ಹಿಡಿದು ಮಲಗಿ ನೋಡಿದ್ದೆ. ಹೆಚ್ಚಿನ ವೋಲ್ಟೇಜಿನ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಆ ಹೊದಿಕೆ ಹೊಸದರಂತೆಯೇ ಇತ್ತು, ಅದನ್ನು ಚಾಸಿಗೆ ಬಿಗಿದ ಕ್ಲ್ಯಾಂಪಿನ ಬೋಲ್ಟುಗಳು ಮಾತ್ರ ಒಂದೇ ಮಳೆಗಾಲಕ್ಕೆ ಹೊಪ್ಪಳೆ ಎದ್ದಿದ್ದವು, ಪಕ್ಕದ ಅರ್ಥ್ ಪಟ್ಟಿಯ ತುದಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಬಾಡಿ ಕಟ್ಟಿದವರು ನೀರು ಹೋಗುವ ತೂತನ್ನು ಸರಿಯಾಗಿ ಅದರ ಮೇಲೆಯೇ ಕೊರೆದಿದ್ದರು. ನೀವು ಮೀನಿನ ಬಾಡಿ ಕಟ್ಟಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಕರಗಿದ ನೀರು ಒಂದು ಟ್ಯಾಂಕಿಗೆ ಇಳಿಯಬೇಕು, ಆ ಪೈಪು ಬ್ಯಾಟರಿ ಪೆಟ್ಟಿಗೆಯಿಂದ ಮತ್ತು ಕಿತ್ತಳೆ ತಂತಿಗಳಿಂದ ದೂರ ಹಾದು ಹೋಗಬೇಕು. ರಸ್ತೆಗೆ ಮೀನು ನೀರು ಚೆಲ್ಲುವ ದೂರೂ ಅದರಿಂದ ತಪ್ಪುತ್ತದೆ. ದಿನವೂ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ, ಆದರೆ ಪ್ರೆಷರ್ ಪಂಪಿನ ಮೊನೆಯನ್ನು ತಂತಿಯ ಕೂಡುಗಳಿಗೆ ನೇರವಾಗಿ ಹಿಡಿಯಬೇಡಿ. ತುಕ್ಕು ತಡೆಯುವ ಬಣ್ಣವನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿಯೇ ಹೊಡೆಸಿ, ಬ್ಯಾಟರಿ ಪೆಟ್ಟಿಗೆಗೆ ಉಸಿರಾಡುವ ರಂಧ್ರವಿರುತ್ತದೆ, ಅದು ಮುಚ್ಚಬಾರದು.

ಎಸ್‌ಯುವಿಯ ಬಗ್ಗೆ. ಊರೊಳಗಿನ ಓಡಾಟಕ್ಕೆ ಯೋಚಿಸಬೇಕಾದ್ದು ಏನೂ ಇಲ್ಲ, ಯಾವ ಮಾದರಿಯಾದರೂ ಸರಿ. ಪ್ರಶ್ನೆ ಇರುವುದು ಬೆಂಗಳೂರಿನ ದಾರಿಯಲ್ಲಿ. 45 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇವಿಗೆ ಪ್ರಮಾಣಪತ್ರದಲ್ಲಿ 489 ಕಿ.ಮೀ. ಎಂದಿದೆ. ಎ.ಸಿ. ಹಾಕಿ, ನಾಲ್ಕು ಜನ ಕುಳಿತು, ಹೆದ್ದಾರಿಯಲ್ಲಿ 90ರ ವೇಗದಲ್ಲಿ ಹೋದರೆ 280ರಿಂದ 300 ಎಂದು ನಾನು ಲೆಕ್ಕ ಹಾಕುತ್ತೇನೆ. ಶಿರ್ವದಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಅಲ್ಲಿಂದ ಹಾಸನಕ್ಕೆ 170. ಈ 220 ಕಿ.ಮೀ.ಗೆ 34 ಯೂನಿಟ್ ಬೇಕು. ಅದರ ಮೇಲೆ ಘಾಟಿ. ಗುಂಡ್ಯ ದಾಟಿ ಶಿರಾಡಿ ಏರಿ ಸಕಲೇಶಪುರ ತಲುಪುವಾಗ ನೀವು ಕಡಲ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುತ್ತೀರಿ. ಜನರೂ ಸೇರಿ 1800 ಕಿಲೊ ತೂಗುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಎತ್ತಲು 5 ಯೂನಿಟ್ ಹೋಗುತ್ತದೆ, ಎಂದರೆ 30 ಕಿ.ಮೀ.ಗೂ ಹೆಚ್ಚಿನ ಓಟ. ಹಾಸನ ತಲುಪುವಾಗ ಕೈಯಲ್ಲಿ ಉಳಿಯುವುದು 6 ಯೂನಿಟ್. ಅಷ್ಟಕ್ಕೆ ಇಳಿಯಲು ಬಿಡದೆ ಸಕಲೇಶಪುರದಲ್ಲೇ ಊಟಕ್ಕೆ ನಿಂತು ಚಾರ್ಜ್ ಮಾಡಿ. ಶೇ. 80ರ ತನಕ ಬೇಗ ಏರುತ್ತದೆ, ಅದರಾಚೆ ನಿಧಾನ. ಯಂತ್ರದ ಮೇಲೆ 60 ಕಿಲೋವ್ಯಾಟ್ ಎಂದಿದ್ದರೂ ಅದರ ಪಕ್ಕದ ಚಾರ್ಜಿಂಗ್ ಗನ್ನಿಗೆ ಇನ್ನೊಂದು ಗಾಡಿ ಸಿಕ್ಕಿಸಿದರೆ ಹಲವು ಕಡೆ ಇಬ್ಬರಿಗೂ 30, 30 ಹಂಚಿಹೋಗುತ್ತದೆ. ಮುಕ್ಕಾಲು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಎಳೆಯುವುದು ಹೀಗೆ. ಇಲ್ಲಿ ಯೂನಿಟ್ಟಿನ ದರವೂ ಮನೆಯದ್ದರ ಮೂರು ಪಾಲಿನಷ್ಟಾಗಬಹುದು, ಮೇಲೆ ಶೇ. 18 ಜಿಎಸ್‌ಟಿ.

ಹಿಂತಿರುಗುವಾಗ ಘಾಟಿಯ ತಲೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಇಳಿಯಬೇಡಿ. ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟು ತುಂಬುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಆ ಹಿಡಿತ ಸಿಗುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಮಳೆಗಾಲದ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಜುಲೈ ತಿಂಗಳು, ಬೆಂಗಳೂರಿನಿಂದ ಬರುತ್ತಿದ್ದೆವು, ಜೊತೆಯಲ್ಲಿ ಅಮ್ಮ ಇದ್ದರು. ಹೆದ್ದಾರಿ ಬದಿಯ ಚಾರ್ಜಿಂಗ್ ಕೇಂದ್ರವೊಂದು ಮೊಬೈಲಿನಲ್ಲಿ ಹಸಿರಾಗಿ ಕಾಣುತ್ತಿತ್ತು. ಶೇ. 11 ಉಳಿಸಿಕೊಂಡು ಅಲ್ಲಿಗೆ ತಲುಪಿದರೆ ಯಂತ್ರ ಕತ್ತಲಲ್ಲಿ ನಿಂತಿತ್ತು. ಹಿಂದಿನ ಗುಡ್ಡದಲ್ಲಿ ಮರ ಬಿದ್ದು ಲೈನು ಕಡಿದಿತ್ತು. ಎ.ಸಿ. ಆರಿಸಿ, ಗಾಜು ಬೆರಳಷ್ಟು ಇಳಿಸಿ, ಮೂರು ಗಂಟೆ ಕಾದೆವು. ಅಮ್ಮ ಒಂದು ಮಾತನ್ನೂ ಆಡಲಿಲ್ಲ, ಸೆರಗು ಹೊದ್ದು ಕುಳಿತೇ ಇದ್ದರು. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಶೇ. 30 ಇರುವಾಗಲೇ ಚಾರ್ಜಿಗೆ ನಿಲ್ಲುತ್ತೇನೆ, ಮುಂದಿನ ಇನ್ನೊಂದು ಕೇಂದ್ರ ತಲುಪುವಷ್ಟು ಯಾವಾಗಲೂ ಉಳಿದಿರುತ್ತದೆ. ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ನಮಗೆ ಹೊಸತಲ್ಲ, 2018ರಲ್ಲಿಯೂ 2024ರಲ್ಲಿಯೂ ಆಯಿತು. ಚಾರ್ಮಾಡಿ ಮೂಲಕ ತಿರುಗಿಸಿದರೆ ಆ ದಾರಿಯಲ್ಲಿ ಎಲ್ಲಿ ಚಾರ್ಜ್ ಸಿಗುತ್ತದೆ ಎಂಬುದನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ನೀರು ನಿಂತ ರಸ್ತೆ. ಬ್ಯಾಟರಿ ಪೆಟ್ಟಿಗೆಗೆ ಐಪಿ67 ಎಂಬ ಗುರುತಿರುತ್ತದೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ಹೋಗದು ಎಂದು ಅದರ ಅರ್ಥ. ಆ ಪರೀಕ್ಷೆ ಹೊಸ ಪೆಟ್ಟಿಗೆಗೆ, ನಿಂತ ಶುದ್ಧ ನೀರಿನಲ್ಲಿ. ಮಂಗಳೂರಿನ ಕೊಟ್ಟಾರಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನೀರು ಚಕ್ರದ ನಡುವಿನ ಗುಬ್ಬಿಗಿಂತ ಮೇಲೆ ಬಂದರೆ ಇಳಿಸಬೇಡಿ. ಗಾಡಿ ಮುಳುಗಿತೆಂದೇ ಇಟ್ಟುಕೊಳ್ಳಿ, ಸ್ಟಾರ್ಟ್ ಮಾಡಬಾರದು, ಚಾರ್ಜಿಗೂ ಇಡಬಾರದು. ಹಗ್ಗ ಕಟ್ಟಿ ಎಳೆಯಬಾರದು, ಚಕ್ರ ಉರುಳಿದರೆ ಮೋಟಾರು ಕರೆಂಟು ಹುಟ್ಟಿಸುತ್ತದೆ. ನಾಲ್ಕು ಚಕ್ರವೂ ನೆಲಬಿಟ್ಟು ಮೇಲಿರುವಂತೆ ಲಾರಿಗೆ ಏರಿಸಿಯೇ ಒಯ್ಯಬೇಕು. ವಿಮೆಯಲ್ಲಿ ಈ ಸಾಗಣೆಯೂ, ನೀರಿನಿಂದಾಗುವ ಬ್ಯಾಟರಿ ನಷ್ಟವೂ ಸೇರಿದೆಯೇ ಎಂದು ಅಕ್ಷರದಲ್ಲಿ ಓದಿ ಸಹಿ ಹಾಕಿ.

ಕಾಗದಪತ್ರದ ಕೆಲಸ ಹಗುರ. ಬ್ಯಾಟರಿ ಚಾಲಿತ ಸರಕು ವಾಹನಗಳಿಗೆ 2018ರಿಂದ ಪರ್ಮಿಟ್ ಬೇಕಿಲ್ಲ, ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಮತ್ತು ವಿಮೆ ಬೇಕೇ ಬೇಕು. ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ. 15 ರಿಯಾಯಿತಿ ಇದೆ. ಗಾಡಿ ಕೊಳ್ಳುವಾಗ ಬ್ಯಾಟರಿಯ ವಾರಂಟಿಯಲ್ಲಿ ಮಾತ್ರ ಒಂದು ಸಾಲು ಗಮನಿಸಿ. ಎಸ್‌ಯುವಿಗಳಲ್ಲಿ ಕೆಲವು ದೀರ್ಘಾವಧಿಯ ವಾರಂಟಿಗಳು ಮೊದಲ ಖಾಸಗಿ ಮಾಲೀಕರಿಗೆ ಮಾತ್ರ ಅನ್ವಯಿಸುತ್ತವೆ, ಮಾರಿದ ದಿನವೇ ಅದು ಕಿರಿದಾಗುತ್ತದೆ, ಮರುಮಾರಾಟದ ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಸರ್ವಿಸ್ ಬಗ್ಗೆ ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: ಹೆಚ್ಚಿನ ವೋಲ್ಟೇಜಿನ ಭಾಗ ಬಿಚ್ಚಲು ತರಬೇತಾದವರು ಉಡುಪಿಯಲ್ಲಿ ಎಷ್ಟು ಜನ, ಮಂಗಳೂರಿನಲ್ಲಿ ಎಷ್ಟು ಜನ? ಬ್ರೇಕು, ಸಸ್ಪೆನ್ಶನ್ ನಿಮ್ಮ ಪರಿಚಯದ ಗ್ಯಾರೇಜಿನಲ್ಲೂ ಆಗುತ್ತದೆ. ಬ್ಯಾಟರಿಯೋ ಮೋಟಾರಿನ ನಿಯಂತ್ರಕವೋ ಕೆಟ್ಟರೆ ಬಿಡಿಭಾಗ ಬರಲು ವಾರಗಳೇ ಹಿಡಿಯಬಹುದು. ಎಸ್‌ಯುವಿ ನಿಂತರೆ ಬಸ್ಸಿನಲ್ಲಿ ಹೋಗುತ್ತೀರಿ, ಟೆಂಪೊ ನಿಂತರೆ ಗಿರಾಕಿ ಬೇರೆಯವರ ಮೀನು ಕೊಳ್ಳುತ್ತಾರೆ. ಹೀಗಾಗಿ ಹಳೆಯ ಡೀಸೆಲ್ ಟೆಂಪೊವನ್ನು ಕೂಡಲೇ ಮಾರಬೇಡಿ. ಒಂದು ಋತು, ಆಗಸ್ಟಿನಿಂದ ಮೇ ತನಕ, ಅದು ಹಿತ್ತಲಿನಲ್ಲಿ ನಿಂತಿರಲಿ.

ಎರಡನ್ನೂ ಒಟ್ಟಿಗೆ ಕೊಳ್ಳುವುದಕ್ಕೂ ನನ್ನ ಸಮ್ಮತಿಯಿಲ್ಲ. ಮೊದಲು ಟೆಂಪೊ. ಮೀನುಗಾರಿಕೆ ನಿಂತಿರುವ ಜೂನ್, ಜುಲೈಯಲ್ಲಿ ವೈರಿಂಗ್, ಮೀಟರ್, ಬಾಡಿ ಕಟ್ಟಿಸುವ ಕೆಲಸ ಮುಗಿಸಿ ಆಗಸ್ಟಿಗೆ ಗಾಡಿ ದಾರಿಗಿಳಿಯಲಿ. ಮುಂಗಡ ಕೊಡುವ ಮುನ್ನ ಪರೀಕ್ಷೆಗೆ ಕೊಟ್ಟ ಗಾಡಿಯನ್ನು 700 ಕಿಲೊ ಮರಳಿನ ಚೀಲ ಹೇರಿ ಮಲ್ಪೆಯಿಂದ ಮಣಿಪಾಲ ಏರಿಸಿ ಕಾರ್ಕಳ ಸುತ್ತಿ ತನ್ನಿ, ಪ್ರತಿ ಊರಿನಲ್ಲೂ ಎಷ್ಟು ಶೇಕಡಾ ಉಳಿದಿದೆ ಎಂದು ಬರೆದುಕೊಳ್ಳಿ. ಎಸ್‌ಯುವಿಯ ಮಾತು ಮುಂದಿನ ದೀಪಾವಳಿಗೆ ಇರಲಿ, ಅಷ್ಟರಲ್ಲಿ ನಿಮ್ಮ ಮನೆಯ ಕರೆಂಟಿನ ಗುಣ ನಿಮಗೇ ತಿಳಿದಿರುತ್ತದೆ.

ಅರ್ಥಿಂಗ್ ಅಳೆಸುವುದಕ್ಕೆ ಮಾತ್ರ ಜೂನ್ ತನಕ ಕಾಯಬೇಡಿ, ಬೇಸಿಗೆಯಲ್ಲೇ ಅಳೆಸಿ. ಎಲೆಕ್ಟ್ರಿಷಿಯನ್ನರು ಬಂದಾಗ ಎರಡು ಅಂಕಿ ಬರೆಸಿಕೊಳ್ಳಿ: ಗುಂಡಿಯ ರೋಧ ಎಷ್ಟು ಓಮ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್. ಮೊದಲಿನದು 5ರೊಳಗೆ, ಎರಡನೆಯದು 3ರೊಳಗೆ ಇರಬೇಕು. ಆ ಎರಡು ಅಂಕಿಗಳೊಂದಿಗೆ ವೋಲ್ಟೇಜು ಬರೆದಿಟ್ಟ ಪುಟವನ್ನೂ ಸೇರಿಸಿ ಕಳುಹಿಸಿ, ವೈರಿನ ದಪ್ಪದಿಂದ ಬ್ರೇಕರಿನ ತನಕ ಏನೇನು ಬೇಕೆಂದು ಬರೆದು ತಿಳಿಸುತ್ತೇನೆ.